ದತ್ತಸಂಚಯದ ಸಂಪರ್ಕ: ‘ಎಸ್‌ಎಸ್‌ಎಲ್ ಇದೆ’ ಎಂದರೆ ಸಾಲದು

ಬಿಲ್ಲು, ದಾಸ್ತಾನು, ಗ್ರಾಹಕರ ಬಾಕಿ ಇವುಗಳನ್ನು ದೂರದ ಸರ್ವರ್‌ನಲ್ಲಿರುವ ದತ್ತಸಂಚಯದಲ್ಲಿ ಇರಿಸುವ ಸಣ್ಣ ಉದ್ಯಮಗಳು ಇಂದು ಅನೇಕ. ಅಂಗಡಿಯ ಗಣಕಯಂತ್ರದಿಂದ ಸರ್ವರ್‌ವರೆಗಿನ ಹಾದಿಯಲ್ಲಿ ಈ ಮಾಹಿತಿ ಗೂಢಲಿಪಿಯಲ್ಲಿ ಸಾಗುತ್ತದೆಯೇ ಎಂದು ಕೇಳಿದರೆ, ತಂತ್ರಾಂಶ ಒದಗಿಸಿದವರು ‘ಎಸ್‌ಎಸ್‌ಎಲ್ ಇದೆ’ ಎನ್ನುವುದುಂಟು. ಪ್ರೋಗ್ರಾಮಿನೊಳಗಿನ ಟಿಪ್ಪಣಿಯಲ್ಲಿಯೂ ಹಲವೊಮ್ಮೆ ಅಷ್ಟೇ ಬರೆದಿರುತ್ತದೆ.

ಮುಕ್ತ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅನ್ನೇ ನೋಡೋಣ. ಸಂಪರ್ಕ ಬಯಸುವ ಗಣಕವು ಮೊದಲು 8 ಬೈಟ್‌ಗಳ ವಿನಂತಿಯನ್ನು ಕಳುಹಿಸುತ್ತದೆ. ಸರ್ವರ್ ಒಪ್ಪಿದರೆ ‘ಎಸ್’, ಒಪ್ಪದಿದ್ದರೆ ‘ಎನ್’ ಎಂಬ ಒಂದೇ ಅಕ್ಷರದ ಉತ್ತರ ಬರುತ್ತದೆ. ಈ ಪ್ರಶ್ನೋತ್ತರ ನಡೆಯುವುದು ಬಯಲಿನಲ್ಲಿ. ನಡುವೆ ಕುಳಿತವನೂ ‘ಎನ್’ ಎಂದು ಉತ್ತರಿಸಬಲ್ಲನು. ‘ಪ್ರಿಫರ್’ ಎಂಬ ಆಯ್ಕೆಯಿದ್ದರೆ ಆಗ ಸಂಪರ್ಕವು ಸದ್ದಿಲ್ಲದೆ ತೆರೆದ ರೂಪದಲ್ಲಿಯೇ ಮುಂದುವರಿಯುತ್ತದೆ. ನಾವು ಬೇರೆ ಏನನ್ನೂ ಸೂಚಿಸದಿದ್ದಾಗ ಸಾಮಾನ್ಯವಾಗಿ ಜಾರಿಯಲ್ಲಿರುವುದು ಇದೇ ಆಯ್ಕೆ! ಹಳೆಯ ವ್ಯವಸ್ಥೆಗಳೊಡನೆ ಹೊಂದಿಕೆಗಾಗಿ ಮಾತ್ರ ಇದನ್ನು ಉಳಿಸಿಕೊಂಡಿರುವುದಾಗಿ ಆ ತಂತ್ರಾಂಶದ ಕೈಪಿಡಿಯೇ ಹೇಳುತ್ತದೆ.

‘ರಿಕ್ವೈರ್’ ಎಂದರೆ ಗೂಢಲಿಪಿ ಕಡ್ಡಾಯ. ಆದರೆ ಮೂಲ ಪ್ರಮಾಣಪತ್ರದ ಕಡತವನ್ನು ಒದಗಿಸದಿದ್ದಲ್ಲಿ ಎದುರಿನ ಸರ್ವರ್ ನಮ್ಮದೇ ಹೌದೇ ಎಂಬ ಪರಿಶೀಲನೆ ನಡೆಯುವುದಿಲ್ಲ. ಲಕೋಟೆಗೆ ಅರಗು ಹಾಕಿ, ವಿಳಾಸ ನೋಡದೆ ಯಾರದೋ ಕೈಗೆ ಕೊಟ್ಟಂತೆ. ಪ್ರಮಾಣಪತ್ರವನ್ನೂ ಸರ್ವರ್‌ನ ಹೆಸರನ್ನೂ ತಾಳೆ ನೋಡುವುದು ‘ವೆರಿಫೈ-ಫುಲ್’ ಮಾತ್ರ. ಇದಕ್ಕೂ ಬೆಲೆಯುಂಟು: ಪ್ರಮಾಣಪತ್ರದ ಅವಧಿ ಮುಗಿದ ದಿನ ಬಿಲ್ಲಿಂಗ್ ನಿಂತುಹೋಗುತ್ತದೆ. ಆದುದರಿಂದ ನವೀಕರಣದ ಹೊಣೆ ಯಾರದೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು.

ಟಿಪ್ಪಣಿಯ ಮಹತ್ತ್ವ ಇಲ್ಲಿದೆ. ‘ಸರ್ವರ್ ಒಪ್ಪಿದರೆ ಗೂಢಲಿಪಿ, ಒಪ್ಪದಿದ್ದರೆ ತೆರೆದ ಸಂಪರ್ಕ’ ಎಂದು ಬರೆದಿದ್ದರೆ, ಮೊದಲಿನವರು ಕೆಲಸ ಬಿಟ್ಟ ನಂತರ ಬಂದ ಹೊಸ ತಂತ್ರಜ್ಞನೂ ಅಪಾಯವನ್ನು ಕೂಡಲೇ ಗುರುತಿಸುವನು. ಟಿಪ್ಪಣಿಗಳು ಹಳತಾಗುವುದೂ ಉಂಟು. 2024ರಲ್ಲಿ ಬಂದ 17ನೆಯ ಆವೃತ್ತಿಯಲ್ಲಿ ಮೇಲಿನ ಪ್ರಶ್ನೋತ್ತರವಿಲ್ಲದೆ ನೇರವಾಗಿ ಗೂಢಸಂಪರ್ಕ ಆರಂಭಿಸುವ ಸೌಲಭ್ಯವಿದೆ. ‘ರಿಕ್ವೈರ್’ ಅಥವಾ ಅದಕ್ಕಿಂತ ಬಿಗಿಯಾದ ಆಯ್ಕೆಯೊಡನೆ ಮಾತ್ರ ಇದು ನಡೆಯುತ್ತದೆ. ಇದನ್ನು ಅಳವಡಿಸಿಕೊಂಡವರು ‘ಮೊದಲು ಸರ್ವರನ್ನು ಕೇಳುತ್ತೇವೆ’ ಎಂಬ ಹಳೆಯ ಸಾಲನ್ನು ತಿದ್ದಬೇಕು.

ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಸದಸ್ಯರು ‘ಪಿಜಿ_ಸ್ಟ್ಯಾಟ್_ಎಸ್‌ಎಸ್‌ಎಲ್’ ಪಟ್ಟಿಯನ್ನು ತೋರಿಸುವಂತೆ ಕೇಳಬಹುದು. ಸದ್ಯದ ಯಾವ ಸಂಪರ್ಕ ಗೂಢಲಿಪಿಯಲ್ಲಿದೆ, ಯಾವುದು ಇಲ್ಲ ಎಂಬುದು ಅದರಲ್ಲಿ ಸಾಲುಸಾಲಾಗಿ ಕಾಣುತ್ತದೆ.