ಬೈಲಕುಪ್ಪೆಯ ಮೊದಲ ಬೆಳೆ

ಬೈಲಕುಪ್ಪೆಗೆ ಹೋಗಿ ಗೋಲ್ಡನ್ ಟೆಂಪಲ್ ನೋಡಿ, ಮೊಮೊ ತಿಂದು ಬಂದಿರ್ತೀರಿ. ಆದರೆ ಇಲ್ಲಿಗೆ ಮೊದಲು ಬಂದ ಟಿಬೆಟಿಯನ್ನರ ಕಣ್ಣಿಗೆ ಬಿದ್ದದ್ದು ಏನು ಗೊತ್ತಾ? ಕಾಡು. ಬರೀ ಕಾಡು.

1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಹಿಮಾಲಯ ದಾಟಿದರು. ಮರುವರ್ಷ ಆಗಿನ ಮೈಸೂರು ರಾಜ್ಯ ಅವರಿಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು.

ಹಿಮದ ನಾಡಿನ ಮೈಗೆ ಇಲ್ಲಿನ ಸೆಕೆ ಒಗ್ಗಲಿಲ್ಲ. ಕಾಯಿಲೆ ಬಿದ್ದವರು ಎಷ್ಟೋ ಮಂದಿ. ಹಗಲೆಲ್ಲ ಮರ ಕಡಿದು, ಬೇರು ಕಿತ್ತು ಹೊಲ ಮಾಡಿದರೆ ರಾತ್ರಿ ಆನೆ ಕಾಟ. ಹುರಿದ ಬಾರ್ಲಿ ಹಿಟ್ಟನ್ನು ಬೆಣ್ಣೆ ಚಹಾದಲ್ಲಿ ಕಲಸಿ ಉಂಡೆ ಕಟ್ಟುತ್ತಿದ್ದ ಅದೇ ಕೈಗಳು ಇಲ್ಲಿ ಮುಸುಕಿನ ಜೋಳ ಬಿತ್ತೋದನ್ನ ಕಲಿತವು. ಮನೆ, ಮಾತು, ಹವೆ ಎಲ್ಲವನ್ನೂ ಕಳಕೊಂಡವರು ಬೇಸಾಯವನ್ನೂ ಹೊಸದಾಗಿ ಕಲಿಯಬೇಕಾಯಿತು ಅನ್ನೋದು ನನ್ನನ್ನು ಇವತ್ತಿಗೂ ಕಾಡುತ್ತೆ.

ಹೊಲದ ಆದಾಯ ಸಾಲದಾದಾಗ ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು. ಇವತ್ತು ನಾವು ಬೆರಗಾಗಿ ನೋಡುವ, ಗೋಲ್ಡನ್ ಟೆಂಪಲ್ ಇರುವ ನಾಮ್ಡ್ರೋಲಿಂಗ್ ಮಠ 1963ರಲ್ಲಿ ಶುರುವಾದದ್ದು ಬಿದಿರಿನ ಗುಡಿಯಾಗಿ.

ಕಾಗದಪತ್ರದ ಪಾಡು ಬೇರೆಯೇ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರಿಗೆ ಕಾನೂನಿನಲ್ಲಿ ಪೌರತ್ವ ಇದೆ. ಉಳಿದ ಹೆಚ್ಚಿನವರು ವಿದೇಶಿಯರಾಗಿ ನೋಂದಣಿ ಪತ್ರ ಇಟ್ಟುಕೊಂಡು, ಆಗಾಗ ನವೀಕರಿಸುತ್ತಲೇ ಇರಬೇಕು.

ಮುಂದಿನ ಸಲ ಹೋದಾಗ ಸಂಜೆ ಹೊತ್ತು ಸ್ವಲ್ಪ ನಿಂತು ನೋಡಿ. ಕೈಯಲ್ಲಿ ಜಪಮಣಿ ಎಣಿಸುತ್ತಾ ಬರುವ ಅಜ್ಜಿಯರಿಗೆ ಕನ್ನಡದಲ್ಲೇ ನಮಸ್ಕಾರ ಹೇಳಿ.