ಎದೆಹಾಲು ಸಾಲುತ್ತಿದೆಯೇ?

ಕೂಸು ತುಸು ಹೆಚ್ಚಾಗಿ ಅತ್ತರೆ ಸಾಕು, "ತಾಯಿಗೆ ಹಾಲು ಸಾಲದು, ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸಿರಿ" ಎಂಬ ಸಲಹೆ ಬರುತ್ತದೆ. ಮನೆಯ ಹಿರಿಯರು ಮಮತೆಯಿಂದಲೇ ಹೀಗೆ ಹೇಳುತ್ತಾರೆ. ಆದರೆ ಅನೇಕ ತಾಯಂದಿರಲ್ಲಿ ಹಾಲು ನಿಜವಾಗಿ ಕಡಿಮೆಯಾಗುವುದು ಬಾಟಲಿಯು ಮನೆಯನ್ನು ಪ್ರವೇಶಿಸಿದ ಮೇಲೆಯೇ ಎಂಬುದನ್ನು ನೀವು ತಿಳಿದಿರಬೇಕು.

ಇದಕ್ಕೆ ಕಾರಣವಿದೆ. ಮಗುವು ಹಾಲನ್ನು ಚೀಪಿದಾಗ ತಾಯಿಯ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ಸ್ರವಿಸುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ಉತ್ಪತ್ತಿ ಮಾಡಿಸುತ್ತದೆ. ಆಕ್ಸಿಟೋಸಿನ್ ಅದನ್ನು ಹೊರಕ್ಕೆ ಹರಿಸುತ್ತದೆ. ಸ್ತನವು ಬರಿದಾದಷ್ಟೂ ಹೊಸ ಹಾಲು ಬೇಗನೆ ಉತ್ಪತ್ತಿಯಾಗುತ್ತದೆ. ಬಾಟಲಿಯ ಹಾಲಿನಿಂದ ಹೊಟ್ಟೆ ತುಂಬಿದ ಮಗುವು ಕಡಿಮೆ ಚೀಪುವುದರಿಂದ ಎದೆಹಾಲು ಕುಗ್ಗುತ್ತದೆ. ಬಾಟಲಿಯಲ್ಲಿ ಉಳಿಯುವ ರೋಗಾಣುಗಳಿಂದ ಭೇದಿಯೂ ಉಂಟಾಗಬಹುದು.

ಗಡಿಯಾರ ನೋಡಿ ಹಾಲೂಡಿಸಬೇಕಾಗಿಲ್ಲ. ಮಗುವು ಬಯಸಿದಾಗಲೆಲ್ಲ, ೨೪ ಗಂಟೆಗಳಲ್ಲಿ ೮ ರಿಂದ ೧೨ ಬಾರಿ ಹಾಲೂಡಿಸಿರಿ. ಪ್ರೊಲ್ಯಾಕ್ಟಿನ್ ರಾತ್ರಿಯ ವೇಳೆ ಹೆಚ್ಚಾಗಿ ಸ್ರವಿಸುವುದರಿಂದ ರಾತ್ರಿಯ ಹಾಲನ್ನು ತಪ್ಪಿಸಬೇಡಿರಿ. ಮಗುವಿನ ಬಾಯಲ್ಲಿ ತೊಟ್ಟು ಮಾತ್ರವಲ್ಲದೆ ಅದರ ಸುತ್ತಲಿನ ಕಪ್ಪು ಭಾಗದ ಬಹುಪಾಲೂ ಇರಬೇಕು.

ಹಾಲು ಸಾಲುತ್ತಿದೆಯೆಂಬುದನ್ನು ಅಳುವಿನಿಂದ ನಿರ್ಣಯಿಸಲಾಗದು. ಸೆಕೆ, ಒದ್ದೆ ಬಟ್ಟೆ, ತಾಯಿಯ ಮಡಿಲಿನ ಬಯಕೆ, ಇವೂ ಅಳುವಿಗೆ ಕಾರಣಗಳೇ. ಮೂತ್ರ ಮತ್ತು ತೂಕಗಳೇ ನಂಬತಕ್ಕ ಗುರುತುಗಳು. ಐದನೆಯ ದಿನದ ನಂತರ ಮಗುವು ದಿನಕ್ಕೆ ೬ ಬಾರಿಯಾದರೂ ತಿಳಿಬಣ್ಣದ ಮೂತ್ರ ಮಾಡಬೇಕು. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ; ೩ ಕಿಲೋಗ್ರಾಂ ತೂಕದ ಕೂಸು ೨೦೦ ಗ್ರಾಂನಷ್ಟು ಇಳಿದರೆ ಗಾಬರಿ ಬೇಡ. ಎರಡು ವಾರಗಳೊಳಗೆ ಅದು ಹುಟ್ಟಿದ ತೂಕಕ್ಕೆ ಮರಳಬೇಕು. ಅನಂತರ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು ೨೦ ರಿಂದ ೩೦ ಗ್ರಾಂ ಏರುತ್ತದೆ. ಆ ಮೇಲೆ ಏರಿಕೆಯ ವೇಗ ತಗ್ಗುತ್ತದೆ. ಐದಾರು ತಿಂಗಳಿಗೆ ಹುಟ್ಟಿದ ತೂಕದ ಎರಡರಷ್ಟೂ, ವರ್ಷಕ್ಕೆ ಮೂರರಷ್ಟೂ ಆಗುವುದು ವಾಡಿಕೆ.

ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆಯು ೩, ೭, ೧೪, ೨೧, ೨೮ ಮತ್ತು ೪೨ನೆಯ ದಿನಗಳಲ್ಲಿ ಭೇಟಿ ನೀಡುತ್ತಾಳೆ. ಆಗ ಕೂಸನ್ನು ತೂಗಿಸಿ, ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿರಿ. ಮುಂದೆ ಪ್ರತಿ ತಿಂಗಳೂ ಅಂಗನವಾಡಿಯಲ್ಲಿ ತೂಗಿಸಿರಿ.

ಎರಡು ವಾರಗಳಾದರೂ ಹುಟ್ಟಿದ ತೂಕ ಮರಳದಿದ್ದರೆ, ಮೂತ್ರ ಕಡಿಮೆಯಾದರೆ, ಕೂಸು ಮಂಕಾಗಿ ಹಾಲು ಚೀಪದಿದ್ದರೆ, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ. ಕೆಲವು ಕೂಸುಗಳಿಗೆ ಹೆಚ್ಚುವರಿ ಹಾಲು ನಿಜವಾಗಿಯೂ ಬೇಕಾಗುತ್ತದೆ. ಅದನ್ನು ವೈದ್ಯರು ನಿರ್ಧರಿಸಲಿ. ಆಗಲೂ ಬಾಟಲಿ ಬೇಡ. ಕುದಿಸಿ ಶುಚಿಗೊಳಿಸಿದ ಒಳಲೆಯಿಂದ ಕುಡಿಸಿರಿ.

ಆರು ತಿಂಗಳು ತುಂಬುವವರೆಗೆ ಆರೋಗ್ಯವಂತ ಕೂಸಿಗೆ ಎದೆಹಾಲೇ ಸಾಕು. ವೈದ್ಯರು ಸೂಚಿಸಿದ ಔಷಧಿಯ ಹೊರತು ನೀರು, ಜೇನುತುಪ್ಪ ಯಾವುದೂ ಬೇಡ. ಬಾಣಂತಿಗೆ ಹೊಟ್ಟೆತುಂಬ ಊಟ, ವಿಶ್ರಾಂತಿ ಹಾಗೂ ಮನೆಯವರ ಧೈರ್ಯದ ಮಾತು ದೊರೆಯಲಿ. ಅವಳ ಹಾಲಿನ ಬಗ್ಗೆ ಸಂಶಯ ಬಂದರೆ ಮೊದಲು ಕೂಸನ್ನು ತೂಗಿಸಿ ನೋಡಿರಿ.