ಇಬ್ಬರ ಸಂಸಾರ, ಒಂದು ಲೆಕ್ಕದ ಪುಸ್ತಕ

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ದಿನಕ್ಕೆ ಎಷ್ಟು ಹನಿ ಬಿದ್ದರೆ ಎಷ್ಟು ಕಾಲಕ್ಕೆ ಹಳ್ಳ ತುಂಬೀತು, ತುಂಬುತ್ತಿರುವಾಗಲೇ ತಳದಲ್ಲಿ ಬಿರುಕೊಂದಿದ್ದರೆ ಗತಿಯೇನು ಎಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ಹೇಳುವುದು ಗಣಿತದ ಕೆಲಸ. ಶಾಲೆಯಲ್ಲಿ ಚಕ್ರಬಡ್ಡಿಯ ಲೆಕ್ಕಗಳನ್ನು ಬಿಡಿಸಿ, ಪರೀಕ್ಷೆ ಮುಗಿದೊಡನೆ ಅವುಗಳನ್ನು ಮರೆತುಬಿಡುವುದು ನಮ್ಮೆಲ್ಲರ ವಾಡಿಕೆ. ಆದರೆ ಬಾಳಿನಲ್ಲಿ ಆ ಲೆಕ್ಕದಷ್ಟು ನೇರವಾಗಿ ಮನೆಯೊಳಕ್ಕೆ ಬಂದು ಕೂರುವ ಗಣಿತ ಮತ್ತೊಂದಿಲ್ಲ. ಇನ್ನು ಕೆಲವೇ ವರ್ಷಗಳಲ್ಲಿ ಸಂಪಾದನೆಗೆ ತೊಡಗಿ ಸಂಸಾರ ಹೂಡಲಿರುವ ವಿದ್ಯಾರ್ಥಿಗಳು ಅದನ್ನು ಮತ್ತೊಮ್ಮೆ ಪರಿಚಯ ಮಾಡಿಕೊಳ್ಳುವುದು ಒಳಿತು.

ಮೈಸೂರಿನಲ್ಲಿ ಹೊಸದಾಗಿ ಸಂಸಾರ ಹೂಡಿದ ದಂಪತಿಗಳನ್ನು ಕಲ್ಪಿಸಿಕೊಳ್ಳೋಣ. ಪತಿ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕ. ಪತ್ನಿ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವಾಕೆ. ಇಬ್ಬರ ವೇತನವೂ ಕೂಡಿ ತಿಂಗಳಿಗೆ ೬೦,೦೦೦ ರೂಪಾಯಿ. ಅವರಿಗೆ ಮೂರು ಆಸೆಗಳುಂಟು. ಸ್ವಂತ ಮನೆಯೊಂದು ಬೇಕೆಂಬುದು ಆತನ ಹಂಬಲ. ಸಂಜೆ ತರಗತಿಗಳಿಗೆ ಸೇರಿ ಎರಡು ವರ್ಷದ ಎಂ.ಬಿ.ಎ. ಪದವಿ ಪಡೆಯಬೇಕೆಂಬುದು ಆಕೆಯ ಹಂಬಲ. ಊರಿನಲ್ಲಿರುವ ತಂದೆತಾಯಿಗಳಿಗೆ ಕಾಯಿಲೆಯಾದರೆ ಯಾರ ಮುಂದೆಯೂ ಕೈ ಚಾಚುವಂತಾಗಬಾರದೆಂಬುದು ಇಬ್ಬರದೂ. ಇವುಗಳೊಡನೆ ಒಂದು ಹೊರೆಯೂ ಉಂಟು: ಮದುವೆಯ ವೆಚ್ಚಕ್ಕಾಗಿ ಮಾಡಿದ ಒಂದು ಲಕ್ಷ ರೂಪಾಯಿ ಕೈಸಾಲ. ಬಡ್ಡಿ ನೂರಕ್ಕೆ ಮೂರು.

ಮೊದಲು ವೀಕ್ಷಣೆ

ಯಾವ ವಿಜ್ಞಾನವಾದರೂ ವೀಕ್ಷಣೆಯಿಂದ ಮೊದಲಾಗುತ್ತದೆ. ಮನೆಯ ಖರ್ಚನ್ನೂ ಹಾಗೆ ಕಂಡು ಬರೆದಿಟ್ಟು ವಿಚಾರಿಸಿದವರಲ್ಲಿ ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಎರ್ನ್ಸ್ಟ್ ಎಂಗೆಲ್ ಪ್ರಸಿದ್ಧ. ೧೮೫೭ರಲ್ಲಿ ಆತನು ಬೆಲ್ಜಿಯಂ ದೇಶದ ಕೂಲಿಕಾರರ ಸಂಸಾರಗಳ ಖರ್ಚಿನ ಪಟ್ಟಿಗಳನ್ನು ಪರಿಶೀಲಿಸಿ, ಆದಾಯ ಏರಿದಂತೆ ಆಹಾರಕ್ಕೆ ಸಲ್ಲುವ ಪಾಲು ಇಳಿಯುತ್ತದೆಂದು ತೋರಿಸಿಕೊಟ್ಟನು. ಬಡವನ ಗಳಿಕೆಯ ಬಹುಪಾಲು ಹೊಟ್ಟೆಗೇ ಹೋಗುತ್ತದೆ. ಉಳಿತಾಯದ ಮಾತು ಆಮೇಲೆ. ನಮ್ಮ ದೇಶದ ೨೦೨೩-೨೪ರ ಕುಟುಂಬ ವೆಚ್ಚ ಸಮೀಕ್ಷೆಯಂತೆ ಗ್ರಾಮಗಳಲ್ಲಿ ವೆಚ್ಚದ ಶೇಕಡ ೪೭ರಷ್ಟೂ ಪಟ್ಟಣಗಳಲ್ಲಿ ಶೇಕಡ ೪೦ರಷ್ಟೂ ಆಹಾರಕ್ಕೆ ಸಲ್ಲುತ್ತದೆ. ಉಳಿಸಲಾರದವರೆಲ್ಲ ದುಂದುಗಾರರಲ್ಲವೆಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ನಮ್ಮ ದಂಪತಿಗಳ ಸ್ಥಿತಿ ಅಷ್ಟು ಬಿಗಿಯಾದುದಲ್ಲ. ಅವರು ನೋಟುಪುಸ್ತಕವೊಂದನ್ನು ತೆರೆದು ತಿಂಗಳ ಖರ್ಚನ್ನು ಹೀಗೆ ಅಂದಾಜು ಮಾಡಿದರು: ಬಾಡಿಗೆ ೧೧,೦೦೦, ದಿನಸಿ, ಹಾಲು, ತರಕಾರಿ ೧೪,೦೦೦, ವಿದ್ಯುತ್ತು, ನೀರು, ಗ್ಯಾಸು, ಫೋನು ೪,೦೦೦, ಬಸ್ಸು ಮತ್ತು ಪೆಟ್ರೋಲು ೪,೦೦೦, ಊರಿನ ಹಿರಿಯರಿಗೆ ೬,೦೦೦, ಔಷಧ, ಬಟ್ಟೆ, ಹಬ್ಬಹರಿದಿನ ೬,೦೦೦, ಕೈಖರ್ಚು ೫,೦೦೦. ಒಟ್ಟು ೫೦,೦೦೦. ಸಾಲದ ಬಡ್ಡಿ ೩,೦೦೦ ಕಳೆದರೂ ತಿಂಗಳಿಗೆ ೭,೦೦೦ ಉಳಿಯಬೇಕು. ಆದರೆ ತಿಂಗಳ ಕೊನೆಗೆ ಕೈಯಲ್ಲಿ ಉಳಿಯುತ್ತಿದ್ದುದು ಸೊನ್ನೆ!

ಅಂದಾಜು ಬೇರೆ, ಅಳತೆ ಬೇರೆ. ಒಂದು ತಿಂಗಳ ಕಾಲ ಕಾಫಿಯ ಹಣವನ್ನೂ ಬಿಡದೆ ಇಬ್ಬರೂ ಬರೆದಾಗ ತಳದ ಬಿರುಕು ಕಣ್ಣಿಗೆ ಬಿತ್ತು. ಹೋಟೆಲಿನ ತಿಂಡಿ, ಫೋನಿನಲ್ಲಿಯೇ ತರಿಸಿದ ಬೇಡದ ವಸ್ತುಗಳು, ನೋಡದ ಸಿನಿಮಾಗಳಿಗೆ ಪ್ರತಿ ತಿಂಗಳೂ ತಾನಾಗಿ ಕಡಿತವಾಗುತ್ತಿದ್ದ ಚಂದಾ ಹಣ. ಒಂದೊಂದೂ ಚಿಕ್ಕದು, ಕೂಡಿದರೆ ೭,೦೦೦. ಇದರಲ್ಲಿ ತಪ್ಪು ಒಬ್ಬರದೇ ಆಗಿರಲಿಲ್ಲ. ಪುಸ್ತಕದಲ್ಲಿ ಎರಡು ಕೈಬರಹಗಳಿದ್ದುದರಿಂದ ಜಗಳಕ್ಕೆ ಅವಕಾಶವೂ ಇರಲಿಲ್ಲ.

ಮೂರು ರೂಪಾಯಿಯ ಮಹಿಮೆ

ಈಗ ಸಾಲವನ್ನು ನೋಡೋಣ. ನೂರಕ್ಕೆ ಮೂರು ಎಂಬ ಮಾತು ಕಿವಿಗೆ ಹಗುರ. ಆದರೆ ಅದು ತಿಂಗಳ ಬಡ್ಡಿ. ವರ್ಷಕ್ಕೆ ಶೇಕಡ ೩೬ ಆಯಿತು. ನಮ್ಮ ದಂಪತಿಗಳು ತಿಂಗಳು ತಿಂಗಳೂ ಬಡ್ಡಿಯನ್ನಷ್ಟೇ ಕಟ್ಟುತ್ತ ಹೋದರೆ ಮೂವತ್ತಮೂರು ತಿಂಗಳಲ್ಲಿ ೯೯,೦೦೦ ರೂಪಾಯಿ ತೆತ್ತಿರುತ್ತಾರೆ. ಒಂದು ಲಕ್ಷದ ಅಸಲು ಮಾತ್ರ ಹಾಗೆಯೇ ಇರುತ್ತದೆ.

ಬಡ್ಡಿಗೆ ಸಲ್ಲುತ್ತಿದ್ದ ೩,೦೦೦ಕ್ಕೆ ಹೊಸದಾಗಿ ಉಳಿದ ೭,೦೦೦ವನ್ನು ಸೇರಿಸಿ ತಿಂಗಳಿಗೆ ೧೦,೦೦೦ ಕಟ್ಟಿದರೆ ಸಾಲ ಹನ್ನೆರಡು ತಿಂಗಳು ದಾಟುತ್ತಲೇ ತೀರುತ್ತದೆ. ಬಡ್ಡಿಯ ಮೊತ್ತ ಸುಮಾರು ೨೦,೭೦೦. ಇನ್ನೊಂದು ಮಾರ್ಗವೂ ಉಂಟು. ಮದುವೆಯ ಒಡವೆಯನ್ನು ಬ್ಯಾಂಕಿನಲ್ಲಿ ಅಡವಿಟ್ಟು, ವರ್ಷಕ್ಕೆ ಶೇಕಡ ೧೨ರ ಬಡ್ಡಿಗೆ ಹಣ ತಂದು ಕೈಸಾಲವನ್ನು ತೀರಿಸಿಬಿಟ್ಟರೆಂದು ಇಟ್ಟುಕೊಳ್ಳೋಣ. ಅದೇ ೧೦,೦೦೦ದಂತೆ ಕಟ್ಟಿದರೆ ಬ್ಯಾಂಕಿನ ಸಾಲ ಹನ್ನೊಂದನೆಯ ತಿಂಗಳಲ್ಲಿ ಮುಗಿಯುತ್ತದೆ. ಬಡ್ಡಿ ಸುಮಾರು ೫,೯೦೦ ಮಾತ್ರ. ಒಡವೆಯೂ ಮನೆಗೆ ಹಿಂದಿರುಗುತ್ತದೆ. ಆದರೆ ಒಡವೆ ಆಕೆಯದು. ಅಡವಿಡುವ ನಿರ್ಧಾರವೂ ಆಕೆಯದೇ ಆಗಬೇಕು. ಆಕೆ ಒಪ್ಪಿದಳೆಂದೇ ಭಾವಿಸಿ ಮುಂದುವರಿಯೋಣ.

ಎಪ್ಪತ್ತೆರಡರ ಸೂತ್ರ

ಬಡ್ಡಿಯ ಲೆಕ್ಕ ನಮ್ಮ ನಾಡಿಗೆ ಹೊಸತಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ ಅಸಲು, ಬಡ್ಡಿ, ಕಾಲ ಇವುಗಳ ಸಂಬಂಧವನ್ನು ಕುರಿತ ಲೆಕ್ಕಗಳಿವೆ. ಹಣ ಇಮ್ಮಡಿಯಾಗುವ ಕಾಲವನ್ನು ಬಾಯಿಲೆಕ್ಕದಲ್ಲಿ ತಿಳಿಯುವ ಸುಲಭ ಸೂತ್ರವೊಂದು ೧೪೯೪ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗ್ರಂಥದಲ್ಲಿ ಕಾಣುತ್ತದೆ. ಎಪ್ಪತ್ತೆರಡನ್ನು ಬಡ್ಡಿಯ ದರದಿಂದ ಭಾಗಿಸಿದರೆ ಇಮ್ಮಡಿಯಾಗುವ ಕಾಲ ದೊರೆಯುತ್ತದೆ. ದರ ಶೇಕಡ ೮ ಆದರೆ ಒಂಬತ್ತು ವರ್ಷ; ೬ ಆದರೆ ಹನ್ನೆರಡು ವರ್ಷ. ತಿಂಗಳಿಗೆ ೩ ಆದರೆ? ಇಪ್ಪತ್ತನಾಲ್ಕು ತಿಂಗಳು. ಕೈಸಾಲದ ಬಡ್ಡಿಯನ್ನು ಕಟ್ಟದೆ ಅಸಲಿಗೆ ಸೇರಿಸುತ್ತ ಹೋದರೆ ಎರಡೇ ವರ್ಷಗಳಲ್ಲಿ ಒಂದು ಲಕ್ಷ ಎರಡು ಲಕ್ಷವಾಗುವುದು ಹೀಗೆ.

ಎಪ್ಪತ್ತೆರಡೇ ಏಕೆ ಎಂದು ವಾಚಕರು ಕೇಳಬಹುದು. ಲಾಗರಿತಮ್ ಬಲ್ಲವರು ಎರಡರ ಸ್ವಾಭಾವಿಕ ಲಾಗರಿತಮ್ ೦.೬೯೩ ಎಂಬುದನ್ನು ನೆನೆಯಲಿ. ಬಡ್ಡಿ ಕ್ಷಣಕ್ಷಣಕ್ಕೂ ಸೇರುವುದಾದರೆ ೬೯.೩ ಎಂಬುದೇ ಸರಿಯಾದ ಸಂಖ್ಯೆ. ವರ್ಷಕ್ಕೊಮ್ಮೆ ಸೇರುವುದಾದರೆ, ಶೇಕಡ ೮ರ ಸುತ್ತಮುತ್ತ, ೭೨ ಹೆಚ್ಚು ಹೊಂದುತ್ತದೆ. ಮೇಲಾಗಿ ಅದು ೨, ೩, ೪, ೬, ೮, ೯, ೧೨ ಇವುಗಳಿಂದ ನಿಃಶೇಷವಾಗಿ ಭಾಗವಾಗುತ್ತದೆ.

ಸರಳಬಡ್ಡಿಗೂ ಚಕ್ರಬಡ್ಡಿಗೂ ಇರುವ ಅಂತರ ಮೊದಮೊದಲು ಅತ್ಯಲ್ಪ. ೧,೦೦೦ ರೂಪಾಯಿಯನ್ನು ಶೇಕಡ ೮ರ ಸರಳಬಡ್ಡಿಗೆ ಇಪ್ಪತ್ತೇಳು ವರ್ಷ ಇಟ್ಟರೆ ೩,೧೬೦ ಆಗುತ್ತದೆ. ಚಕ್ರಬಡ್ಡಿಗೆ ಇಟ್ಟರೆ ಮೂರು ಸಲ ಇಮ್ಮಡಿಸಿ ಸುಮಾರು ೮,೦೦೦ ಆಗುತ್ತದೆ. ಕಾರಣ ಸರಳ. ಮೊದಲನೆಯದರಲ್ಲಿ ಅಸಲು ಮಾತ್ರ ದುಡಿಯುತ್ತದೆ. ಎರಡನೆಯದರಲ್ಲಿ ಅಸಲಿಗೆ ಹುಟ್ಟಿದ ಬಡ್ಡಿಯೂ ದುಡಿಯುತ್ತದೆ. ಆದುದರಿಂದ ಇಲ್ಲಿ ಹಣದ ಮೊತ್ತಕ್ಕಿಂತಲೂ ಕಾಲ ಬಲವಾದುದು. ಇಬ್ಬರು ಗೆಳೆಯರಿದ್ದಾರೆನ್ನೋಣ. ಒಬ್ಬನು ಇಪ್ಪತ್ತೈದರ ವಯಸ್ಸಿನಿಂದ ಹತ್ತು ವರ್ಷ ತಿಂಗಳಿಗೆ ೫,೦೦೦ದಂತೆ ಕಟ್ಟಿ, ಬಳಿಕ ಏನನ್ನೂ ಕಟ್ಟದೆ ಆ ಹಣವನ್ನು ಹಾಗೆಯೇ ಬಿಟ್ಟನು. ಇನ್ನೊಬ್ಬನು ಮೂವತ್ತೈದರಲ್ಲಿ ಎಚ್ಚೆತ್ತು ಇಪ್ಪತ್ತು ವರ್ಷ ಅಷ್ಟೇ ಹಣವನ್ನು ಕಟ್ಟಿದನು. ಬಡ್ಡಿ ಶೇಕಡ ೭, ತಿಂಗಳು ತಿಂಗಳೂ ಸೇರುತ್ತದೆ. ಐವತ್ತೈದರ ವಯಸ್ಸಿನಲ್ಲಿ ಆರು ಲಕ್ಷ ಕಟ್ಟಿದ ಮೊದಲಿನವನ ಬಳಿ ಸುಮಾರು ೩೫ ಲಕ್ಷ. ಹನ್ನೆರಡು ಲಕ್ಷ ಕಟ್ಟಿದ ಎರಡನೆಯವನ ಬಳಿ ಸುಮಾರು ೨೬ ಲಕ್ಷ!

ಮನೆಯೋ, ಓದೋ?

ನಮ್ಮ ದಂಪತಿಗಳ ಬಳಿಗೆ ಹಿಂದಿರುಗೋಣ. ಸಾಲ ತೀರಿತು. ಮುಂದಿನ ಹದಿನೈದು ತಿಂಗಳ ಉಳಿತಾಯದಿಂದ ಒಂದೂವರೆ ಲಕ್ಷದ ಆಪದ್ಧನ ಕೂಡಿತು. ಅದು ಮೂರು ತಿಂಗಳ ಮನೆಖರ್ಚಿಗೆ ಸಮ. ಊರಿನಿಂದ ನಡುರಾತ್ರಿ ಫೋನು ಬಂದರೂ ಇನ್ನು ನೂರಕ್ಕೆ ಮೂರರವನ ಬಾಗಿಲು ತಟ್ಟಬೇಕಾಗಿಲ್ಲ. ಉಳಿದಿರುವ ಪ್ರಶ್ನೆ ಒಂದೇ: ಮೊದಲು ಮನೆಯೋ, ಓದೋ?

ಬ್ಯಾಂಕಿನ ಸಾಲ ಪಡೆದು ಮನೆ ಕೊಳ್ಳಬೇಕಾದರೂ ಒಂದು ಪಾಲನ್ನು ಮುಂಗಡವಾಗಿ ತಾವೇ ತೆರಬೇಕು. ತಿಂಗಳಿಗೆ ೧೦,೦೦೦ದಂತೆ ಶೇಕಡ ೭ರ ಬಡ್ಡಿಗೆ ಕಟ್ಟುತ್ತ ಹೋದರೆ ಐದು ವರ್ಷಗಳಲ್ಲಿ, ಎಂದರೆ ಅರವತ್ತು ತಿಂಗಳಲ್ಲಿ, ಸುಮಾರು ೭,೧೬,೦೦೦ ಕೂಡುತ್ತದೆ. ಇದು ಆತನ ಲೆಕ್ಕ. “ಮನೆ ಆಗಿಬಿಡಲಿ, ಆಮೇಲೆ ನೀನು ನೆಮ್ಮದಿಯಾಗಿ ಓದಬಹುದು” ಎಂದು ಆತ ಹೇಳಿದ. “ಐದು ವರ್ಷ ಆದಮೇಲೆ ನನಗೆ ಓದೋದಕ್ಕೆ ಬಿಡುವು ಸಿಗುತ್ತೆ ಅಂತ ಯಾವ ಪುಸ್ತಕದಲ್ಲಿ ಬರೆದಿದೆ ರೀ?” ಎಂದು ಆಕೆ ಕೇಳಿದಳು.

ಆಕೆಯ ಮಾರ್ಗವನ್ನೂ ಲೆಕ್ಕಹಾಕಬೇಕು. ಓದಿನ ಒಟ್ಟು ಶುಲ್ಕ ಎರಡು ಲಕ್ಷವೆಂದೂ, ಪದವಿಯ ಬಳಿಕ ವೇತನದಲ್ಲಿ ತಿಂಗಳಿಗೆ ೫,೦೦೦ ಹೆಚ್ಚುವುದೆಂದೂ, ಆ ಹೆಚ್ಚಳವೆಲ್ಲ ಉಳಿತಾಯಕ್ಕೇ ಸೇರುವುದೆಂದೂ ಇಟ್ಟುಕೊಳ್ಳೋಣ. ಶುಲ್ಕ ಕೂಡಲು ಹತ್ತೊಂಬತ್ತು ತಿಂಗಳು ಬೇಕು. ಅನಂತರ ಓದಿನ ಇಪ್ಪತ್ತನಾಲ್ಕು ತಿಂಗಳಲ್ಲಿಯೂ ೧೦,೦೦೦ದಂತೆ ಮನೆಗಾಗಿ ಕಟ್ಟಬಹುದು. ಪದವಿಯಾದ ಮೇಲೆ ೧೫,೦೦೦ದಂತೆ ಕಟ್ಟಿದರೆ, ಅದೇ ೭,೧೬,೦೦೦ ಕೂಡಲು ಮತ್ತೆ ಇಪ್ಪತ್ತಾರು ತಿಂಗಳು ಸಾಕು. ಒಟ್ಟು ಅರವತ್ತೊಂಬತ್ತು ತಿಂಗಳು.

ಉತ್ತರವನ್ನು ಕಂಡು ಇಬ್ಬರಿಗೂ ಆಶ್ಚರ್ಯವಾಯಿತು. ಓದು ಮೊದಲಾದರೆ ಮನೆ ತಡವಾಗುವುದು ಒಂಬತ್ತೇ ತಿಂಗಳು. ಮನೆ ಮೊದಲಾದರೆ ಓದಿನ ಹಣವನ್ನು ಕೂಡಿಸತೊಡಗುವುದೇ ಐದು ವರ್ಷದ ಮೇಲೆ. ಅಲ್ಲದೆ ಮೊದಲನೆಯ ಮಾರ್ಗದಲ್ಲಿ, ಮನೆಗೆ ಮುಂಗಡ ಕೊಡುವ ಹೊತ್ತಿಗೆ ಸಂಸಾರದ ಆದಾಯವೂ ಏರಿರುತ್ತದೆ. ಶುಲ್ಕ ಹೆಚ್ಚಾಗಿ, ವೇತನ ಏರದಿದ್ದಲ್ಲಿ ಉತ್ತರ ಬೇರೆಯಾದೀತು. ಎರಡರಲ್ಲಿ ಯಾವುದು ಮೇಲೆಂದು ಗಣಿತ ಹೇಳಲಾರದು. ಒಂದೊಂದು ಆಯ್ಕೆಗೂ ತೆರಬೇಕಾದ ಬೆಲೆ ಇಷ್ಟೆಂದು ತಿಳಿಸಬಲ್ಲುದು. ಬೆಲೆ ತಿಳಿಯದಿರುವಾಗ ಮನೆಯಲ್ಲಿ ಗಟ್ಟಿ ಧ್ವನಿಯೇ ಗೆಲ್ಲುವುದುಂಟು. ತಿಳಿದ ಮೇಲೆ ಇಬ್ಬರೂ ಒಂದೇ ಹಾಳೆಯನ್ನು ನೋಡಿ ಮಾತನಾಡಬಹುದು.

ತಗ್ಗುವ ಅಳತೆಗೋಲು

ಈ ಲೆಕ್ಕಗಳಲ್ಲಿ ಒಂದು ಅಂಶವನ್ನು ಇದುವರೆಗೆ ಬಿಟ್ಟಿದ್ದೆವು. ರೂಪಾಯಿ ಎಂಬ ನಮ್ಮ ಅಳತೆಗೋಲು ವರ್ಷ ವರ್ಷವೂ ಕಿರಿದಾಗುತ್ತಿರುತ್ತದೆ. ೨೦೧೬ರಲ್ಲಿ ಭಾರತ ಸರ್ಕಾರವು ಬೆಲೆಯೇರಿಕೆಯ ಗುರಿಯನ್ನು ವರ್ಷಕ್ಕೆ ಶೇಕಡ ೪ ಎಂದು, ಎರಡರಿಂದ ಆರರ ಮಿತಿಯೊಳಗೆ, ಗೊತ್ತುಮಾಡಿತು. ಎಪ್ಪತ್ತೆರಡರ ಸೂತ್ರ ಇಲ್ಲಿಯೂ ಸಲ್ಲುತ್ತದೆ: ಶೇಕಡ ೪ರಂತೆ ಏರಿದರೆ ಹದಿನೆಂಟು ವರ್ಷಗಳಲ್ಲಿ ಬೆಲೆಗಳು ಇಮ್ಮಡಿ. ಐದು ವರ್ಷದ ಬಳಿಕ ಕೈಸೇರುವ ೭,೧೬,೦೦೦ವು ಇಂದಿನ ೫,೮೮,೦೦೦ ರೂಪಾಯಿ ಕೊಳ್ಳುವಷ್ಟನ್ನೇ ಕೊಂಡೀತು. ಆದುದರಿಂದ ಗುರಿಯನ್ನು ಇಂದಿನ ಬೆಲೆಯಲ್ಲಿ ಅಲ್ಲ, ಮುಟ್ಟುವ ದಿನದ ಬೆಲೆಯಲ್ಲಿ ಬರೆದುಕೊಳ್ಳಬೇಕು; ವೇತನ ಏರಿದಾಗಲೆಲ್ಲ ಉಳಿತಾಯವನ್ನೂ ಏರಿಸಬೇಕು. ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ನೋಟು ಸುರಕ್ಷಿತವಾಗಿ ಕಂಡರೂ ಮೌನವಾಗಿ ಸವೆಯುತ್ತಿರುತ್ತದೆ.

ಹಣವನ್ನು ಎಲ್ಲಿಡಬೇಕೆಂಬುದೂ ವಿಚಾರಾರ್ಹ. ೧೮೮೨ರಿಂದ ದೇಶದ ಅಂಚೆಕಚೇರಿಗಳು ಜನರ ಸಣ್ಣ ಉಳಿತಾಯವನ್ನು ಕಾಪಾಡುತ್ತ ಬಂದಿವೆ. ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ ರಕ್ಷಣೆ ನೀಡುವ ಠೇವಣಿ ವಿಮೆ ನಮ್ಮಲ್ಲಿ ಜಾರಿಗೆ ಬಂದುದು ೧೯೬೨ರಲ್ಲಿ. ಅದರ ಮಿತಿಯನ್ನು ೨೦೨೦ರಲ್ಲಿ ಐದು ಲಕ್ಷಕ್ಕೆ ಏರಿಸಲಾಯಿತು. ಇನ್ನು, ಒಂದೇ ವರ್ಷದಲ್ಲಿ ಹಣವನ್ನು ಇಮ್ಮಡಿ ಮಾಡಿಕೊಡುವೆವೆಂದು ಯಾರಾದರೂ ಹೇಳಿದರೆ, ಎಪ್ಪತ್ತೆರಡನ್ನು ಒಂದರಿಂದ ಭಾಗಿಸಿ ನೋಡಿರಿ. ವರ್ಷಕ್ಕೆ ಶೇಕಡ ೭೨! ಇಷ್ಟು ದೊಡ್ಡ ದರಕ್ಕೆ ಸೂತ್ರದ ಉತ್ತರ ಸ್ಥೂಲವಾದುದು. ನಿಜವಾಗಿ ಬೇಕಾಗುವುದು ಶೇಕಡ ನೂರು. ಯಾವ ಪ್ರಾಮಾಣಿಕ ವ್ಯವಹಾರವೂ ಅಷ್ಟನ್ನು ಖಚಿತವಾಗಿ ಕೊಡಲಾರದು.

ನಮ್ಮ ದಂಪತಿಗಳು ಈಗ ಪ್ರತಿ ತಿಂಗಳ ಮೊದಲನೆಯ ಭಾನುವಾರ, ಕಾಫಿಯಾದ ಮೇಲೆ, ಆ ಪುಸ್ತಕವನ್ನು ತೆರೆದು ಕೂರುತ್ತಾರೆ. ಅರ್ಧ ಗಂಟೆಯ ಕೆಲಸ. ಮೊದಲ ಪುಟದಲ್ಲಿ ಮೂರು ಗುರಿಗಳೂ, ಒಂದೊಂದರ ಮುಂದೆ ಮೊತ್ತವೂ ತಾರೀಖೂ ಇವೆ. ತಾರೀಖಿಲ್ಲದಿದ್ದಾಗ ಅವು ಬರಿಯ ಹಂಬಲಗಳಾಗಿದ್ದವು. ವಿದ್ಯಾರ್ಥಿಗಳಾದ ವಾಚಕರಿಗೆ ಇನ್ನೂ ವೇತನವಿಲ್ಲದಿರಬಹುದು. ಆದರೆ ಕೈಖರ್ಚಿನ ಹಣವುಂಟು, ನೋಟುಪುಸ್ತಕವುಂಟು, ಎಲ್ಲಕ್ಕಿಂತ ಮಿಗಿಲಾಗಿ ಮುಂದೆ ಬಹಳ ವರ್ಷಗಳುಂಟು. ಈ ತಿಂಗಳ ಖರ್ಚನ್ನು ಬರೆದು ನೋಡುವುದರಿಂದಲೇ ಅವರು ಮೊದಲು ಮಾಡಬಹುದು.